ಜೂನ್ ಒಂದರ ಮಕ್ಕಳು

ಜೂನ್ ಒಂದನೆಯ ತಾರೀಖು ಬಂತೆಂದರೆ ನಮ್ಮ ಕಡೆ ಅರ್ಧ ಊರಿನ ಹುಟ್ಟುಹಬ್ಬ. ಇದರಲ್ಲಿ ದೇವರ ಕೈವಾಡ ಕಡಿಮೆ, ನಮ್ಮಂಥ ಮಾಸ್ತರರದೇ ಹೆಚ್ಚು. ಐವತ್ತರ ದಶಕದಲ್ಲಿ ಅಕ್ಕಲಕೋಟದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ನಾನು ಟೆಂಪರರಿ ಮಾಸ್ತರನಾಗಿದ್ದೆ. ಸೊಲ್ಲಾಪುರದ ಇನ್‌ಸ್ಪೆಕ್ಟರ್ ಸಾಹೇಬರು ಶಾಲೆಯ ತಪಾಸಣೆ ಮಾಡಿ ಒಳ್ಳೆಯ ಷರಾ ಬರೆದರೆ ನೌಕರಿ ಕಾಯಂ. ಇಲ್ಲದಿದ್ದರೆ ಹೆಂಡತಿ, ಎರಡು ಮಕ್ಕಳ ಜೊತೆ ಗಂಟುಮೂಟೆ ಕಟ್ಟಬೇಕು. ಕಟ್ಟುವ ಪ್ರಸಂಗ ಬರಲಿಲ್ಲ. ಅದಕ್ಕೆ ನಾನು ಇಂದಿಗೂ ಆ ಊರಿಗೆ ಋಣಿ.

ಕುರಿಯ ಲೆಕ್ಕ

ಕುರಿ ಕಾಯುವ ಮನೆಯ ತಾಯಿಯೊಬ್ಬಳು ಶಾಲೆಗೆ ಮಗನ ಹೆಸರು ಹಚ್ಚಲು ಬಂದಳು. ಯಾವಾಗ ಹುಟ್ಟಿದ ಎಂದೆ. ಬಿಳಿ ಮುಖದ ಕುರಿ ಮರಿ ಹಾಕಿದ ದಿನವೇ ಎಂದಳು. ಆ ಮರಿಗೆ ಈಗೆಷ್ಟು ವಯಸ್ಸು ಎಂದೆ. ಅದನ್ನು ಸೊಲ್ಲಾಪುರದ ಸಂತೆಯಲ್ಲಿ ಮಾರಿ ಬಹಳ ದಿನವಾಯಿತು ಎಂದಳು.

ಹುಡುಗನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳಿದೆ. ಮುಟ್ಟಿದ. ಅಂದರೆ ಶಾಲೆಗೆ ಬೇಕಾದ ಆರು ವರ್ಷ ತುಂಬಿವೆ. ಶಾಲೆ ಶುರುವಾಗುವುದು ಜೂನಿನಲ್ಲಿ, ಒಂದನೇ ತಾರೀಖಿಗೇ ಆರು ತುಂಬಿತೆಂದು ಬರೆದರೆ ಯಾರ ತಕರಾರೂ ಇಲ್ಲ. ಹಾಗೇ ಬರೆದೆ. ಆಕೆಗೆ ಬಹಳ ಸಂತೋಷವಾಯಿತು.

"ಇವನ ತಮ್ಮಗೂ ಅದೇ ತಾರೀಖ ಹಿಡದಿಡ್ರಿ ಮಾಸ್ತರ, ಮುಂದಿನ ವರ್ಷ ಕರಕೊಂಡ ಬರ್ತೀನಿ" ಎಂದು ಹೇಳಿ ಹೋದಳು.

ಜಾತಕ

ಸೊಲ್ಲಾಪುರದಲ್ಲಿ ಅಂಗಡಿಯಿದ್ದ ನಮ್ಮೂರ ಸಾವಕಾರರು ಮಗನನ್ನು ಕರೆತಂದಾಗ ಜೊತೆಗೆ ಜಾತಕವನ್ನೂ ತಂದಿದ್ದರು. ಕೊನೆಗೂ ಒಂದು ನಿಜವಾದ ತಾರೀಖು ಸಿಕ್ಕಿತೆಂದು ನನಗೆ ಹಿಗ್ಗು. ಓದಿ ನೋಡಿದರೆ ಹುಡುಗ ಹುಟ್ಟಿದ್ದು ದೀಪಾವಳಿಗೆ. ಆರು ತುಂಬಲು ಇನ್ನೂ ನಾಲ್ಕೈದು ತಿಂಗಳು ಬೇಕು. ಮುಂದಿನ ವರ್ಷ ಬನ್ನಿ ಎಂದೆ.

ಸಾವಕಾರರು ಮುಖ ಸಣ್ಣ ಮಾಡಿದರು. "ಊರ ಮಂದಿಗೆಲ್ಲಾ ಜೂನ್ ಒಂದು ಕೊಟ್ಟೀರಿ. ನಾವೇನ್ ಪಾಪ ಮಾಡೇವ್ರಿ?"

ಹುಡುಗನ ಕೈ ಉದ್ದವಿತ್ತು, ಕಿವಿ ಮುಟ್ಟಿತು. ಜಾತಕವನ್ನು ಬಿಟ್ಟು ನಾನು ಕಿವಿಯನ್ನೇ ನಂಬಿದೆ.

ತಪಾಸಣೆ

ಕೊನೆಗೊಂದು ದಿನ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಮಕ್ಕಳು ಮಗ್ಗಿ ಚೆನ್ನಾಗಿ ಹೇಳಿದರು. ಆಮೇಲೆ ಸಾಹೇಬರು ರಿಜಿಸ್ಟರ್ ತೆರೆದರು. ಒಂದು ಪುಟ ನೋಡಿದರು, ಇನ್ನೊಂದು ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ಮೊದಲನೆಯದನ್ನೇ ನೋಡಿದರು. ಇಡೀ ಊರಿನ ಮಕ್ಕಳು ಒಂದೇ ದಿನ ಹುಟ್ಟಿದ್ದನ್ನು ಯಾರು ಕಂಡಿದ್ದಾರೆ, ಈ ಊರ ಸೂಲಗಿತ್ತಿಯನ್ನು ಕರೆಸಿ ಎಂದರು. ನೌಕರಿ ಹೋಯಿತೆಂದೇ ತಿಳಿದೆ.

ಊರಿನ ಹೆರಿಗೆಗಳನ್ನೆಲ್ಲ ಮಾಡಿಸಿದ ಮುದುಕಿ ಸೆರಗು ಹೊದ್ದು ಬಂದು ಬಾಗಿಲಲ್ಲಿ ನಿಂತಳು. ಸಾಹೇಬರು ವಿಷಯ ಹೇಳಿ, ಇದು ಖರೆಯೇ ಎಂದು ಕೇಳಿದರು. ಆಕೆ ನನ್ನ ಮುಖವನ್ನೊಮ್ಮೆ ನೋಡಿದಳು.

"ಖರೆ ಐತ್ರಿ ಸಾಹೇಬ್ರ. ಆ ದಿನ ನನಗ ನೀರ ಕುಡ್ಯಾಕೂ ಪುರಸೊತ್ತ ಇರಲಿಲ್ಲ."

ಒಂದು ವರ್ಷದ್ದಾದರೆ ಒಪ್ಪಬಹುದು, ಒಂದರಿಂದ ನಾಲ್ಕನೆಯ ತನಕ ನಾಲ್ಕೂ ಇಯತ್ತೆಯ ಮಕ್ಕಳು ನಾಲ್ಕೂ ವರ್ಷ ಅದೇ ದಿನ ಹುಟ್ಟುತ್ತಾರೆಯೇ ಎಂದರು ಸಾಹೇಬರು.

"ಬಾಕಿ ದಿನ ನಾ ಹೊಲಕ್ಕ ಹೋಗಿರ್ತೀನಲ್ರಿ."

ಸಾಹೇಬರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕ ಮೇಲೆ ಸಹಿ ಮಾಡದೆ ಹೋಗುವುದು ಯಾರಿಗೂ ಕಷ್ಟ. "ಶಾಲೆ ಉತ್ತಮ" ಎಂದು ಬರೆದರು. ಎರಡು ತಿಂಗಳಲ್ಲಿ ನನ್ನ ನೌಕರಿ ಕಾಯಂ ಆಯಿತು.

ಸೊಲ್ಲಾಪುರಕ್ಕೆ ಹೋಗಿ ಒಂದು ಸೀರೆ ತಂದು ಮುದುಕಿಯ ಮುಂದಿಟ್ಟು, ನನ್ನ ಸಲುವಾಗಿ ಅಷ್ಟು ದೊಡ್ಡ ಸುಳ್ಳು ಹೇಳಿದೆಯಲ್ಲ ಆಯಿ ಎಂದೆ. ಆಕೆ ಸೀರೆಯ ಅಂಚು ಮುಟ್ಟಿ ನೋಡಿ ಹೇಳಿದಳು:

"ನಿಮ್ಮ ಸಲುವಾಗಿ ಅಲ್ರಿ ಮಾಸ್ತರ. ನೀವು ಹೋದ್ರ ಹೊಸಾ ಮಾಸ್ತರ ಬರ್ತಾನ, ಆಮ್ಯಾಲ ಎಲ್ಲಾರೂ ಮತ್ತ ಮೊದಲಿಂದ ಹುಟ್ಟಬೇಕಾಗ್ತದ. ಈ ವಯಸ್ಸಿನಾಗ ನನ್ನ ಕೈಲೆ ಆಗೂದಿಲ್ಲ."