ಬೇಸ್‌ಮೆಂಟಿನ ಎರಡು ಬಕೆಟ್ಟು

"ಆರ್.ಓ. ಬಗ್ಗೆ ನನಗೆ ಪಾಠ ಬೇಡ. ಕಾಲೇಜಿಗೆ ಹೋಗೋ ಕಾಲದಿಂದ ನಮ್ಮ ವಿಜಯನಗರದ ಮನೇಲಿ ಆರ್.ಓ. ಫಿಲ್ಟರ್ ಇತ್ತು. ನೀವು ಹೊರಡಿ, ಟ್ರೈನ್ ತಪ್ಪುತ್ತೆ."

ಸುರಭಿ ಹೀಗೆಂದಾಗ ರಾಜೀವ್ ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದು ಬೂಟನ್ನು ಕೈಯಲ್ಲಿ ಹಿಡಿದಿದ್ದ. "ಕೇಳ್ಕೋ ಸುರಭಿ, ಪೈಪು ಎರಡಿದೆ, ಅದರಲ್ಲಿ..." ಎಂದು ಬಾಯಿ ತೆರೆದವನು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡು ಹೊರಟುಹೋದ.

ಅವಳಿಗೆ ಕೋಪ ಬಂದಿದ್ದರೆ ಅದು ಕಳೆದ ವರ್ಷದಿಂದ ಬಡ್ಡಿ ಸೇರಿಸಿಕೊಂಡು ಬಂದ ಕೋಪ. ಹಿತ್ತಲ ಮೇಪಲ್ ಮರಕ್ಕೆ ತೂತು ಕೊರೆದು ಇಳಿಸಿದ ರಸವನ್ನು ರಾಜೀವ್ ಆಗ ಅಡುಗೆಮನೆಯಲ್ಲೇ ಕುದಿಸಿದ್ದ. ಆ ರಸವೋ, ನೋಡಲು ನೀರು, ಕುಡಿದರೂ ನೀರೇ. ಅದು ಜೇನಿನಂಥ ಸಿಹಿ ಸಿರಪ್ ಆಗಬೇಕಾದರೆ ಬಕೆಟ್‌ಗಟ್ಟಲೆ ನೀರು ಆವಿಯಾಗಬೇಕು. ಆಯಿತು. ವಾಲ್‌ಪೇಪರು ಸುರುಳಿ ಸುತ್ತಿಕೊಂಡು ಗೋಡೆಯಿಂದ ಇಳಿದು ಬಂತು. ಸ್ಮೋಕ್ ಅಲಾರಂ ಕೂಗಿ, ಆಗಷ್ಟೇ ಮಲಗಿದ್ದ ಮಗ ರಿಷಿ ಎದ್ದು ಕೂಗಿದ. ಇಷ್ಟಕ್ಕೆ ಸಿಕ್ಕ ಸಿರಪ್ಪು ಉಪ್ಪಿನಕಾಯಿ ಜಾಡಿಯ ತಳಕ್ಕೆ ಅಂಟಿಕೊಳ್ಳುವಷ್ಟು.

"ಈ ವರ್ಷ ಕುದಿಸೋದೇ ಕಮ್ಮಿ. ಮುಕ್ಕಾಲು ಪಾಲು ನೀರನ್ನ ಮೊದಲೇ ತೆಗೆದುಬಿಡ್ತೀನಿ" ಎಂದು ರಾಜೀವ್ ಬೇಸ್‌ಮೆಂಟಿಗೆ ಇಳಿದ. ಮನೆಯ ಕುಡಿಯುವ ನೀರಿನ ಆರ್.ಓ. ಫಿಲ್ಟರಿನದೇ ಮೆಂಬ್ರೇನು ಎಂಬ ಸೋಸುವ ಪೊರೆ, ಒಂದು ಪಂಪು, ಹಾವಿನ ಮರಿಗಳಂಥ ಪೈಪುಗಳು. ವಾಷಿಂಗ್ ಮೆಷಿನ್ನು ಮೂಲೆಗುಂಪಾಯಿತು. ರಿಷಿಯ ಪ್ಯಾಂಟುಗಳು ಬುಟ್ಟಿಯಲ್ಲಿ ಗುಡ್ಡವಾದವು. ಸುರಭಿ ಹಲ್ಲು ಕಚ್ಚಿ ಸಹಿಸಿಕೊಂಡಳು. ಸಹಿಸಿಕೊಳ್ಳಲು ಕಾರಣವಿತ್ತು, ಆ ಕಾರಣದ ಹೆಸರು ಕಲಾವತಿ ಆಂಟಿ.

ಕಲಾವತಿ ಆಂಟಿ ಪಕ್ಕದ ಊರು ಪೋರ್ಟ್ ಕ್ರೆಡಿಟ್‌ನಲ್ಲಿರುವ ನಿವೃತ್ತ ಡಾಕ್ಟರು. ಈ ಸೀಮೆಗೆ ಮೊದಲು ಬಂದ ಕನ್ನಡಿಗರಲ್ಲಿ ತಾವೂ ಒಬ್ಬರೆಂಬುದನ್ನು ಯಾರಿಗೂ ಮರೆಯಲು ಬಿಡದವರು. ಸಿರಪ್ಪಿನ ವಿಷಯ ಕೇಳಿ ಫೋನಿನಲ್ಲಿ ಅವರು ನಕ್ಕುಬಿಟ್ಟಿದ್ದರು. "ಅದೆಲ್ಲ ನಿಮ್ಮ ಕೈಲಾಗೋ ಕೆಲಸ ಅಲ್ಲಮ್ಮ. ಅಂಗಡೀಲಿ ಬಾಟಲಿ ಸಿಗುತ್ತೆ."

"ಯುಗಾದಿ ಊಟಕ್ಕೆ ಬನ್ನಿ ಆಂಟಿ. ಹೋಳಿಗೆ ಮೇಲೆ ನಮ್ಮ ಮರದ್ದೇ ಸಿರಪ್ ಹಾಕಿ ಕೊಡ್ತೀನಿ" ಎಂದು ಸುರಭಿ ಮಾತು ಕೊಟ್ಟಾಗಿತ್ತು. ಯುಗಾದಿ ಇದ್ದದ್ದು ಸೋಮವಾರ. ಆದರೆ ಸೋಮವಾರ ಯಾರಿಗೂ ರಜೆಯಿಲ್ಲದ್ದರಿಂದ ಅವರಿದ್ದ ಓಕ್‌ವಿಲ್‌ಗೆ ಅದು ಶನಿವಾರವೇ ಬರುವುದಿತ್ತು. ಅಂದರೆ ನಾಳೆ. ಡಿಸೆಂಬರಿನ ಐಸ್ ಸ್ಟಾರ್ಮಿಗೆ ಒಂದು ಕೊಂಬೆ ಕೊಟ್ಟು ಬದುಕಿಕೊಂಡ ಆ ಮರ ಇದುವರೆಗೆ ಸುರಿಸಿದ್ದೆಲ್ಲ ಬೇಸ್‌ಮೆಂಟಿನ ಡ್ರಮ್ಮಿನಲ್ಲಿತ್ತು.

ಬೆಳಿಗ್ಗೆ ರಾಜೀವ್ ಪಂಪು ಹಾಕಿಯೇ ಹೋಗಿದ್ದ. ಮಧ್ಯಾಹ್ನ ಅವಳು ಕೆಳಗಿಳಿದು ನೋಡಿದಳು. ಡ್ರಮ್ಮು ಖಾಲಿ, ಎರಡು ಬಕೆಟ್ಟು ಭರ್ತಿ. ದೊಡ್ಡದರಲ್ಲಿ ಫಳಫಳ ಹೊಳೆಯುವ ನೀರು. ಚಿಕ್ಕದರಲ್ಲಿ ಮಬ್ಬು ಮಬ್ಬು, ಸ್ವಲ್ಪ ಹಳದಿ. ಇದಕ್ಕೂ ಪಾಠ ಬೇಕೇ? ವಿಜಯನಗರದಲ್ಲೂ ಹೀಗೇ. ಯಂತ್ರದ ಒಂದು ಕಡೆಯಿಂದ ಒಳ್ಳೆಯದು, ಇನ್ನೊಂದು ಕಡೆಯಿಂದ ಹೊಲಸು. ಹೊಲಸನ್ನೂ ಅಮ್ಮ ಚೆಲ್ಲುತ್ತಿರಲಿಲ್ಲ, ಅದರಲ್ಲಿ ನೆಲ ಒರೆಸುತ್ತಿದ್ದರು.

ಸುರಭಿ ಅಮ್ಮನ ಮಗಳು. ಹಬ್ಬದ ಮನೆಯಲ್ಲವೇ, ಹಾಲ್, ಅಡುಗೆಮನೆ, ಮೆಟ್ಟಿಲು, ಒಂದು ಮೂಲೆ ಬಿಡದೆ ಚಿಕ್ಕ ಬಕೆಟ್ಟು ಮುಗಿಯುವವರೆಗೆ ಒರೆಸಿದಳು. ದೊಡ್ಡ ಬಕೆಟ್ಟನ್ನು ಮನೆ ಹಿಂದಿನ ಡೆಕ್ಕಿನಲ್ಲಿದ್ದ ಗ್ಯಾಸ್ ಒಲೆಯ ಪಾತ್ರೆಗೆ ಸುರಿದಿಟ್ಟಳು.

ಸಂಜೆ ಬಂದ ರಾಜೀವ್ ಪಾತ್ರೆ ನೋಡಿ ಹಿಗ್ಗಿ ಹೀರೇಕಾಯಿಯಾದ. "ಎಲ್ಲಾ ನೀನೇ ರೆಡಿ ಮಾಡಿದ್ದೀಯ" ಎಂದು ಟೋಪಿ ಹಾಕಿಕೊಂಡು ಚಳಿಯಲ್ಲಿ ಒಲೆಯ ಮುಂದೆ ಕೂತ. ಕುದಿಯಿತು. ಅರ್ಧವಾಯಿತು. ಕಾಲು ಭಾಗವಾಯಿತು. ಬಣ್ಣ ಬರಲಿಲ್ಲ, ವಾಸನೆ ಬರಲಿಲ್ಲ. ಕೊನೆಗೆ ಪಾತ್ರೆ ಒಣಗಿತು. ತಳದಲ್ಲಿ ಒಂದು ಕಲೆಯೂ ಇಲ್ಲ. ಬಗ್ಗಿ ನೋಡಿದರೆ ಅವರಿಬ್ಬರ ಮುಖ ಕಾಣುತ್ತಿತ್ತು.

ಸುರಭಿಗೆ ಪಿತ್ತ ನೆತ್ತಿಗೇರಿತು.

"ಬರೀ ನೀರು ಕುದಿಸಿದ್ರಲ್ರೀ. ನೀರು ಕಾಯಿಸೋಕೆ ಎಂಜಿನಿಯರಿಂಗ್ ಓದಬೇಕಿತ್ತಾ? ಹೋದ ವರ್ಷ ಗೋಡೆ ಹಾಳು, ಈ ವರ್ಷ ಮರ್ಯಾದೆ ಹಾಳು. ನಾಳೆ ಆಂಟಿಗೆ ಏನು ಬಡಿಸ್ಲಿ, ನಿಮ್ಮ ಪಂಪನ್ನ ಹೆಚ್ಚಿ ಪಲ್ಯ ಮಾಡ್ಲಾ? ಮಗು ಪ್ಯಾಂಟು ಒಗೆಯೋಕೆ ಜಾಗ ಇಲ್ಲ, ನಿಮಗೆ ಫ್ಯಾಕ್ಟರಿ ಬೇಕು!"

"ಮೆಂಬ್ರೇನ್ ಹರಿದಿರಬೇಕು" ಎಂದು ರಾಜೀವ್ ಗೊಣಗಿದ.

"ಹರಿದಿರೋದು ಮೆಂಬ್ರೇನ್ ಅಲ್ಲ, ನನ್ನ ಹಣೆಬರಹ" ಎಂದು ಅವಳು ಒಳಗೆ ನುಗ್ಗಿದಳು. ಕಾಲು ನುಗ್ಗಿತು, ಚಪ್ಪಲಿ ಹಿಂದೆಯೇ ಉಳಿಯಿತು.

ಹಾಲ್‌ನ ಆ ಕಡೆಯಿಂದ ರಿಷಿ ಓಡಿ ಬರುತ್ತಿದ್ದ. ಹೆಜ್ಜೆಗೊಂದು ಚಟಕ್ ಸದ್ದು. ನಡುವೆ ಅವನ ಒಂದು ಕಾಲುಚೀಲ ನೆಲ ಬಿಟ್ಟು ಬರಲೊಪ್ಪದೆ ಅಲ್ಲೇ ನಿಂತಿತು. ಬಿದ್ದು, ಎರಡೂ ಅಂಗೈ ನೆಲಕ್ಕೂರಿ ಎದ್ದ. ಅಳುತ್ತಾನೆಂದುಕೊಂಡರೆ ಅಂಗೈ ನೆಕ್ಕುತ್ತಿದ್ದ.

"ಅಮ್ಮಾ, ಫ್ಲೋರ್ ಈಸ್ ಯಮ್ಮಿ."

ರಾಜೀವ್ ನೆಲಕ್ಕೆ ಬೆರಳು ತಾಗಿಸಿ ನಾಲಿಗೆಗೆ ಮುಟ್ಟಿಸಿಕೊಂಡ. "ಸುರಭಿ, ಚಿಕ್ಕ ಬಕೆಟ್ ಎಲ್ಲಿ?"

"ಹೊಲಸು ನೀರು ತಾನೇ? ನೆಲ ಒರೆಸಿದೆ."

"ಮೆಂಬ್ರೇನ್ ದಾಟಿ ಹೋಗೋದು ನೀರು. ಸಕ್ಕರೆ ದಾಟಲ್ಲ, ಈಚೆಗೇ ಉಳಿಯುತ್ತೆ. ನಮಗೆ ಬೇಕಿದ್ದದ್ದೇ ಆ ಚಿಕ್ಕ ಬಕೆಟ್ಟು."

ಸುರಭಿಯ ಬಳಿ ಇನ್ನೂ ಅರ್ಧ ಕೋಪ ಮಿಕ್ಕಿತ್ತು. ಸುರಿಯಲು ಜಾಗ ಮಾತ್ರ ಕಾಣಲಿಲ್ಲ. "ಬೆಳಿಗ್ಗೆಯೇ ಹೇಳ್ಬೇಕಿತ್ತು" ಎಂದಳು.

"ಹೇಳೋಕೆ ಬಂದೆ."

"ಜೋರಾಗಿ ಹೇಳ್ಬೇಕಿತ್ತು."

ಬಿಸಿನೀರಿನಲ್ಲಿ ಎಷ್ಟು ಸಲ ಒರೆಸಿದರೂ ನೆಲದ ಹಲಗೆಗಳ ಸಂದಿಯ ಅಂಟು ಬಿಡಲಿಲ್ಲ. ಮರುದಿನ ಕಲಾವತಿ ಆಂಟಿ ರೇಷ್ಮೆ ಸೀರೆ ಸರಿಪಡಿಸಿಕೊಳ್ಳುತ್ತ ಹಾಲ್‌ನ ನಡುವೆ ಬಂದು ನಿಂತರು. "ಎಲ್ಲಮ್ಮಾ ನಿನ್ನ ಸಿರಪ್ಪು?"

"ನನ್ನ ಮೆಷಿನ್ನು ಕೈ ಕೊಡ್ತು ಆಂಟಿ" ಎಂದು ರಾಜೀವ್ ತಲೆ ತಗ್ಗಿಸಿದ.

ಸುರಭಿ ಗಂಡನ ಮುಖ ನೋಡಿದಳು. ನಿನ್ನೆ ಅಷ್ಟು ಬೈಸಿಕೊಂಡವನು ಇವತ್ತು ಅವಳ ತಪ್ಪನ್ನೂ ತನ್ನ ತಲೆಗೇ ಕಟ್ಟಿಕೊಳ್ಳುತ್ತಿದ್ದ. ಅವಳಿಗೆ ತಡೆಯಲಾಗಲಿಲ್ಲ.

"ಮೆಷಿನ್ ಚೆನ್ನಾಗೇ ಕೆಲಸ ಮಾಡ್ತು ಆಂಟಿ" ಎಂದಳು. "ಸಿರಪ್ ಮೇಲೇ ನೀವು ನಿಂತಿರೋದು."

ಕಲಾವತಿ ಆಂಟಿ ಒಂದು ಕಾಲೆತ್ತಿ ನೋಡಲು ಹೋದರು. ಕಾಲು ಬಂತು, ಕಾಲುಚೀಲ ಬರಲಿಲ್ಲ.