ಇದು ನಮ್ಮಿಬ್ಬರಲ್ಲೇ ಇರಲಿ, ಕರ್ತನೇ

ನಮ್ಮ ಸೋದರಮಾವನಿಗೆ ಹೇಳಿದ ಗುಟ್ಟು ದೇವರೊಬ್ಬನನ್ನು ಬಿಟ್ಟು ಇನ್ಯಾರಿಗೂ ಹೋಗುವುದಿಲ್ಲ. ತೊಂದರೆ ಏನೆಂದರೆ, ದೇವರ ಬಳಿಗೆ ಹೋಗುವ ದಾರಿಯಲ್ಲಿ ಅದು ಅರ್ಧ ಪೀಣ್ಯಕ್ಕೆ ಕೇಳಿಸಿಯೇ ಹೋಗುತ್ತದೆ!

ಪಾಪ, ತಪ್ಪು ಅವನದಲ್ಲ. ದಿನವೆಲ್ಲ ಕಾರ್ಖಾನೆಯಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸಿನ ಪಕ್ಕದಲ್ಲಿ ನಿಂತು ಕೂಗಿಕೊಂಡೇ ಮಾತಾಡುವವನಿಗೆ ಪಿಸುಮಾತು ಎಲ್ಲಿಂದ ಬರಬೇಕು? ತೊಂಬತ್ತರ ದಶಕದ ಆ ದಿನಗಳಲ್ಲಿ, ಕಾರ್ಖಾನೆಗಳ ಹಿಂಬದಿಯಲ್ಲಿದ್ದ ನಮ್ಮ ಶೀಟಿನ ಚಾವಣಿಯ ಚರ್ಚಿನಲ್ಲಿ ಅವನೇ ಯೌವನಸ್ಥರ ಕೂಟದ ಮುಖಂಡ. ಮದುವೆಯಾಗಿರಲಿಲ್ಲ. ಕೂಟವೇ ಸಂಸಾರ, ಅಲ್ಲಿಗೆ ಬರುವವರೇ ಮಕ್ಕಳು. ಒಬ್ಬೊಬ್ಬರನ್ನೂ ಪಕ್ಕಕ್ಕೆ ಕರೆದು, ಕೈಗೊಂದು ಬನ್ನು ಕೊಟ್ಟು, ಕಷ್ಟ ಕೇಳುತ್ತಿದ್ದ. ಭಾನುವಾರ ಪ್ರಾರ್ಥನೆಗೆ ಎದ್ದು ನಿಂತು ಅದನ್ನೆಲ್ಲ ದೇವರಿಗೆ ಒಪ್ಪಿಸುತ್ತಿದ್ದ.

ನಾನೂ ಒಮ್ಮೆ ಬನ್ನಿಗೆ ಬಿದ್ದೆ. ಎಸ್ಸೆಸ್ಸೆಲ್ಸಿಯ ಪ್ರಿಪರೇಟರಿ ಪರೀಕ್ಷೆಯಲ್ಲಿ ಗಣಿತ ಕೈಕೊಟ್ಟಿತ್ತು.

"ಅಪ್ಪಂಗೆ ಹೇಳ್ಬೇಡ ಮಾವ."

"ನಾನ್ಯಾಕೆ ಹೇಳ್ಲಿ ಪುಟ್ಟಿ? ದೇವರ ಹತ್ರ ಮಾತ್ರ ಹೇಳ್ತೀನಿ."

ಭಾನುವಾರ ಮಾವ ಕಣ್ಣು ಮುಚ್ಚಿದ, ಗಂಟಲು ತೆರೆದ. "ಕರ್ತನೇ, ಇದು ನಮ್ಮಿಬ್ಬರಲ್ಲೇ ಇರಲಿ. ನಮ್ಮಕ್ಕನ ಮಗಳು ಲೆಕ್ಕದಲ್ಲಿ ಹನ್ನೊಂದು ತೆಗೆದಿದ್ದಾಳೆ. ನೂರಕ್ಕೆ, ಕರ್ತನೇ!" ಮುಂದಿನ ಬೆಂಚಿನಲ್ಲಿದ್ದ ಅಪ್ಪ ಪ್ರಾರ್ಥನೆ ಅರ್ಧಕ್ಕೇ ಬಿಟ್ಟು ಹಿಂತಿರುಗಿ ನೋಡಿದರು. ನನ್ನ ಮಾನ ಹರಾಜಾದದ್ದೇನೋ ನಿಜ. ಆದರೆ ಮಾರನೆಯ ದಿನವೇ ಚರ್ಚಿನ ನಿವೃತ್ತ ಮೇಡಂ ಒಬ್ಬರು ಮನೆಗೇ ಬಂದು ನನಗೆ ಗಣಿತ ಕಲಿಸಲು ಕೂತರು, ಕೊನೆಯ ಪರೀಕ್ಷೆಯಲ್ಲಿ ನಾನು ಪಾಸಾದೆ.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಕೂಟದ ಹುಡುಗನೊಬ್ಬ ತನ್ನ ಪ್ರೇಮದ ವಿಷಯವನ್ನು ಮಾವನ ಬಳಿ ಹೇಳಿಕೊಂಡ. "ಕರ್ತನೇ, ಇದು ನಮ್ಮಿಬ್ಬರಲ್ಲೇ ಇರಲಿ. ಆ ಹುಡುಗಿಯ ಹೆಸರನ್ನು ನಾನು ಹೇಳುವುದಿಲ್ಲ. ಹಾಡುವವರ ಸಾಲಿನಲ್ಲಿ ಎಡಗಡೆಯ ಕೊನೆಯವಳು, ನೀನೇ ನೋಡಿಕೋ." ದೇವರು ನೋಡಿದನೋ ಇಲ್ಲವೋ, ಇಡೀ ಸಭೆ ಕಣ್ಣು ಬಿಟ್ಟು ಎಡಗಡೆಗೆ ನೋಡಿತು. ಅವಳ ಅಪ್ಪನೂ ನೋಡಿದರು.

ದೂರು ನಮ್ಮ ಪಾದ್ರಿ ಅಯ್ಯನವರಿಗೆ ಹೋಯಿತು. ಅವರು ಮಾವನನ್ನು ಕರೆದು, "ಇನ್ಮೇಲೆ ಮನಸ್ಸಿನಲ್ಲೇ ಪ್ರಾರ್ಥನೆ ಮಾಡಪ್ಪ. ಇನ್ನೊಂದ್ಸಲ ಬಾಯಿ ಬಿಟ್ರೆ ಕೂಟದ ಕೋಣೆ ಬೀಗದ ಕೈ ಬೇರೆಯವರಿಗೆ ಕೊಡ್ಬೇಕಾಗುತ್ತೆ" ಎಂದರು. ಮಾವನ ಮುಖ ಸಪ್ಪಗಾಯಿತು. ಕೂಟ ಹೋದರೆ ಅವನಿಗೆ ಉಳಿಯುವುದಾದರೂ ಏನು?

ಮುಂದಿನ ಭಾನುವಾರ ಅವನನ್ನು ನೋಡಬೇಕಿತ್ತು. ತುಟಿ ಅಲ್ಲಾಡುತ್ತಿದೆ, ಕತ್ತಿನ ನರ ಉಬ್ಬಿದೆ, ಮುಖ ಕೆಂಪಗಾಗಿದೆ. ವಿಷಲ್ ಕಟ್ಟಿಕೊಂಡ ಕುಕ್ಕರೇ ಸರಿ. ಅಮ್ಮ ಭಯಪಟ್ಟು ನಾಲ್ಕು ಹೆಜ್ಜೆ ದೂರ ಕೂತಳು. ಸಭೆಯ ಗುಟ್ಟುಗಳೆಲ್ಲ ಭದ್ರವಾದವು. ಜೊತೆಗೆ ಯಾರ ಮನೆಯಲ್ಲಿ ಜ್ವರ, ಯಾರಿಗೆ ಕೆಲಸ ಹೋಯಿತು ಎಂಬುದೂ ಯಾರಿಗೂ ತಿಳಿಯದಾಯಿತು.

ಅದೇ ಹೊತ್ತಿಗೆ ಮಾವನ ಜೊತೆ ಕೆಲಸ ಮಾಡುತ್ತಿದ್ದ ರಾಯಚೂರು ಕಡೆಯ ಯಲ್ಲಪ್ಪನ ಬೆರಳು ಪ್ರೆಸ್ಸಿಗೆ ಸಿಕ್ಕಿ ಜಜ್ಜಿಹೋಯಿತು. ಚರ್ಚಿನ ಗೋಡೆಗೆ ಅಂಟಿಕೊಂಡ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇದ್ದ. ಹಾಡು ಕೇಳಲು, ಬನ್ನು ತಿನ್ನಲು ಕೂಟಕ್ಕೂ ಬರುತ್ತಿದ್ದ. "ಯಾರ ಮುಂದೂ ಹೇಳಬ್ಯಾಡ್ರಿ ಅಣ್ಣಾರ, ಊರಿಗಿ ಸುದ್ದಿ ಹೋದ್ರ ನಮ್ಮವ್ವ ಉಣ್ಣೂದು ಬಿಡ್ತಾಳ" ಎಂದಿದ್ದನಂತೆ. ಮಾವ ತನ್ನ ಊಟವನ್ನೇ ಹಂಚಿಕೊಟ್ಟ. ಆದರೆ ಕೈ ಬಾತುಕೊಂಡಿತು, ಜ್ವರ ಏರಿತು. ಆಸ್ಪತ್ರೆಯ ಮಾತೆತ್ತಿದರೆ ಯಲ್ಲಪ್ಪ ಗೋಡೆಯ ಕಡೆಗೆ ತಿರುಗಿ ಮಲಗುತ್ತಿದ್ದ.

ಭಾನುವಾರ ಮಾವ ಎದ್ದು ನಿಂತ. ಅಯ್ಯನವರನ್ನು ಒಮ್ಮೆ ನೋಡಿದ. ಜೇಬಿನ ಬೀಗದ ಕೈ ಮುಟ್ಟಿಕೊಂಡ. ಆಮೇಲೆ ಶೀಟು ಅದುರುವಂತೆ ಶುರುಮಾಡಿದ.

"ಕರ್ತನೇ, ಇದು ನಮ್ಮಿಬ್ಬರಲ್ಲೇ ಇರಲಿ! ಈ ಗೋಡೆಯಾಚೆ ಒಬ್ಬ ಹುಡುಗ ಜ್ವರದಲ್ಲಿ ಬೇಯುತ್ತಿದ್ದಾನೆ. ಅವನ ಕೈ ಉಳಿಸು. ನಮ್ಮ ಸಭೆಯಲ್ಲಿ ಇಬ್ಬರು ನರ್ಸಮ್ಮಂದಿರಿದ್ದಾರೆ, ಒಬ್ಬರಿಗೆ ಆಟೋ ಇದೆ, ಅದೂ ನಿನಗೆ ಗೊತ್ತು!"

ಗೋಡೆಯಾಚೆಯಿಂದ ಕ್ಷೀಣವಾದ ದನಿಯೊಂದು ಬಂತು. "ಅಣ್ಣಾರ, ನಿಮ್ಮ ದೇವ್ರಿಗಿ ಕಿವಿ ಕೇಳಂಗಿಲ್ಲೇನ್ರಿ?"

ಸಭೆ ನಕ್ಕಿತು, ನಗುತ್ತಲೇ ಎದ್ದಿತು. ಆಮೆನ್ ಮುಗಿಯುವಷ್ಟರಲ್ಲಿ ಆಟೋ ಸ್ಟಾರ್ಟ್ ಆಗಿತ್ತು. ಇಬ್ಬರು ನರ್ಸಮ್ಮಂದಿರು ಗದರಿಸಿದ ಮೇಲೆ ಯಲ್ಲಪ್ಪ ಗೋಡೆ ಬಿಟ್ಟು ಈ ಕಡೆ ತಿರುಗಿದ. ಒಂದು ಬೆರಳು ಹೋಯಿತು, ಕೈ ಉಳಿಯಿತು. ಆಸ್ಪತ್ರೆಗೆ ಹೋದ ಊಟದ ಕ್ಯಾರಿಯರುಗಳನ್ನು ನೋಡಿ ಪಕ್ಕದ ಹಾಸಿಗೆಯವರು ಇವನನ್ನು ಯಾರೋ ದೊಡ್ಡ ಮನುಷ್ಯನೆಂದು ತಿಳಿದರು.

ಆ ಭಾನುವಾರ ಸಂಜೆಯೇ ಮಾವ ಬೀಗದ ಕೈಯನ್ನು ಅಯ್ಯನವರ ಮೇಜಿನ ಮೇಲಿಟ್ಟು ಬಂದಿದ್ದ. ಆ ವಾರ ಅವನು ಸರಿಯಾಗಿ ಊಟ ಮಾಡಲಿಲ್ಲ.

ಮರುಭಾನುವಾರ ಪ್ರಾರ್ಥನೆಗೆ ಅಯ್ಯನವರೇ ನಿಂತರು. ಮೆಲುದನಿಯ ಆ ಮನುಷ್ಯ ಗಂಟಲು ಸರಿಮಾಡಿಕೊಂಡು, ಎಂದೂ ಇಲ್ಲದಷ್ಟು ಜೋರಾಗಿ ಹೇಳಿದರು. "ಕರ್ತನೇ, ಇದು ನಮ್ಮಿಬ್ಬರಲ್ಲೇ ಇರಲಿ. ಒಬ್ಬ ಮನುಷ್ಯ ಎಲ್ಲರಿಗಾಗಿ ಕೂಗಿದ. ಅವನಿಗಾಗಿ ನಾವ್ಯಾರೂ ಬಾಯಿ ಬಿಡಲಿಲ್ಲ. ಬೀಗದ ಕೈ ನನ್ನ ಜೇಬಿನಲ್ಲಿದೆ. ಅವನು ಬಂದು ಅದನ್ನು ತೆಗೆದುಕೊಳ್ಳಲಿ."

ಎಲ್ಲರೂ ಕಣ್ಣು ಬಿಟ್ಟು ಮಾವನನ್ನೇ ನೋಡಿದರು. ಕಣ್ಣು ಮುಚ್ಚಿಕೊಂಡಿದ್ದವನು ಅವನೊಬ್ಬನೇ. ಕೆನ್ನೆಯೆಲ್ಲ ಒದ್ದೆಯಾಗಿತ್ತು. ಅವತ್ತು ಅವನು ಹೇಳಿದ ಆಮೆನ್, ಪಕ್ಕದಲ್ಲಿ ಕೂತಿದ್ದ ನನಗೆ ಮಾತ್ರ ಕೇಳಿಸಿತು.