ಪುನರ್ಪುಳಿ, ಪ್ಲಗ್ಗು ಮತ್ತು ನಾನು ಕಟ್ಟಿದ ಭಾಷೆ

ಅಂಗಡಿಯಲ್ಲಿ ಸಿಗುವುದನ್ನು ತಂದು ಸುಖವಾಗಿ ಇರುವವರು ಒಂದು ಬಗೆ. ಅದನ್ನೇ ಮನೆಯಲ್ಲಿ ಮಾಡಿ ನೋಡುತ್ತೇನೆ ಎಂದು ಹೊರಡುವವರು ಇನ್ನೊಂದು ಬಗೆ. ನಾನು ಎರಡನೆಯ ಬಗೆಯವನು. ಒಮ್ಮೆ ಮನೆಯಲ್ಲೇ ಸಾಬೂನು ಮಾಡಿದೆ, ಅದರಲ್ಲಿ ಮಿಂದವರೆಲ್ಲ ಆಮೇಲೆ ಅಂಗಡಿಯ ಸಾಬೂನು ಹಾಕಿ ಇನ್ನೊಮ್ಮೆ ಮಿಂದರು. ಒಂದು ಕುರ್ಚಿ ಮಾಡಿದೆ, ಅದರಲ್ಲಿ ಈಗ ಬೆಕ್ಕು ಕೂಡ ಯೋಚನೆ ಮಾಡಿ ಕೂರುತ್ತದೆ. ಇಷ್ಟಾದ ಮೇಲೂ ಬುದ್ಧಿ ಬಾರದೆ, ಈ ಬೇಸಗೆ ರಜೆಯಲ್ಲಿ ನಾನು ಮನೆಯಲ್ಲೇ ಒಂದು ಭಾಷೆ ಕಟ್ಟಲು ಹೊರಟೆ. ಮಾತಾಡುವ ಭಾಷೆಗೆ ನಮ್ಮ ಪುತ್ತೂರಿನಲ್ಲಿ ಬರಗಾಲ ಇಲ್ಲ. ಮೀನಿನ ಮಾರ್ಕೆಟಿಗೆ ಹೋಗಿ ಬರುವಷ್ಟರಲ್ಲಿ ತುಳು, ಕನ್ನಡ, ಬ್ಯಾರಿ ಮೂರೂ ಬಾಯಲ್ಲಿ ಬಂದು ಹೋಗಿರುತ್ತವೆ. ನಾನು ಕಟ್ಟಹೊರಟದ್ದು ಕಂಪ್ಯೂಟರಿಗೆ ಕೆಲಸ ಹೇಳುವ ಪ್ರೋಗ್ರಾಮಿಂಗ್ ಭಾಷೆ.

ನಾನು ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಹೊಸದೊಂದು ಭಾಷೆ ಬಂದಿದೆ, ಲೆಕ್ಕಕ್ಕೆ ಹೇಳಿ ಮಾಡಿಸಿದ ಹಾಗೆ ಉಂಟು ಎಂದು ಎಲ್ಲೋ ಓದಿದ್ದೇ ತಡ, ನನಗೆ ಅದು ಬೇಕೇ ಬೇಕು ಅನಿಸಿತು. ಡೌನ್‌ಲೋಡ್ ಮಾಡಿ ಒತ್ತಿದೆ. ನನ್ನ ಮುದಿ ಡೆಸ್ಕ್‌ಟಾಪು, ನಿನ್ನ ಆಪರೇಟಿಂಗ್ ಸಿಸ್ಟಮ್ ಹಳೆಯದಾಯಿತು, ಇದು ಇಲ್ಲಿ ಕೂರುವುದಿಲ್ಲ ಎಂದಿತು. ಬೇರೆಯವರಾದರೆ ಬೇಜಾರು ಮಾಡುತ್ತಿದ್ದರು. ನಾನು ಕೆಳಗಿನ ಸಾಲು ಓದಿದೆ: ಬೇಕಿದ್ದರೆ ಮೂಲ ಕೋಡ್ ತೆಗೆದುಕೊಂಡು ನೀವೇ ಕಟ್ಟಿಕೊಳ್ಳಬಹುದು. ನೀವೇ ಎಂಬ ಆ ಶಬ್ದ ನೋಡಿ ನನ್ನ ಮೈಯಲ್ಲಿ ಕರೆಂಟು ಹರಿಯಿತು. ಅಡುಗೆಮನೆಗೆ ಓಡಿ ಹೆಂಡತಿ ಸುಮತಿಗೆ ಹೇಳಿದೆ.

"ಸಾಬೂನಿನ ಹಾಗೆಯಾ?" ಎಂದು ಅವಳು ಕೇಳಿದಳು.

ಅವಳ ತಲೆಯಲ್ಲಿ ಬೇರೆಯೇ ಯೋಜನೆ ಇತ್ತು. ಕಂಪ್ಯೂಟರ್ ಇಟ್ಟ ಹಲಸಿನ ಮರದ ಮೇಜು ನಮ್ಮ ಮನೆಯಲ್ಲಿ ಅಲುಗಾಡದೆ ನಿಲ್ಲುವ ಏಕೈಕ ವಸ್ತು. ಇಷ್ಟು ವರ್ಷ ಅವಳು ನೆಲದಲ್ಲಿ ಕೂತು ಹಲಸಿನ ಹಪ್ಪಳ ಒತ್ತುತ್ತಿದ್ದಳು. ಈ ವರ್ಷ ಮೊಣಗಂಟು ಬಗ್ಗುವುದಿಲ್ಲ. "ಆದಿತ್ಯವಾರ ಮರ್ಕಂಜದ ಅಮ್ಮನ ಮನೆಯಿಂದ ಹಲಸಿನಕಾಯಿ ಬರ್ತದೆ. ಅಷ್ಟರೊಳಗೆ ನಿಮ್ಮ ಭಾಷೆ ನಡೆದ್ರೆ ಮೇಜು ನಿಮಗೆ. ಇಲ್ಲದಿದ್ರೆ ಆ ಡಬ್ಬ ಗುಜರಿಗೆ, ಮೇಜು ನನಗೆ," ಎಂದಳು. ನಾನು ಒಪ್ಪಿದೆ. ಗೆಲ್ಲುವವನ ಧೈರ್ಯದಿಂದಲೇ ಒಪ್ಪಿದೆ.

ಮೊದಲ ಹಂತದಲ್ಲಿ ಕಂಪ್ಯೂಟರ್ ತನ್ನ ಮನೆಯಲ್ಲಿ ಏನೇನು ಉಂಟು ಎಂದು ತಾನೇ ಹುಡುಕಿ ನೋಡುತ್ತದೆ. ತೆರೆಯ ಮೇಲೆ ಸಾಲು ಸಾಲಾಗಿ ಪ್ರಶ್ನೆ, ಪಕ್ಕದಲ್ಲಿ ಉತ್ತರ. ಹೆಣ್ಣು ನೋಡಲು ಬಂದವರು ಬಾವಿ ಉಂಟಾ, ಹಟ್ಟಿ ಉಂಟಾ ಎಂದು ವಿಚಾರಿಸಿದ ಹಾಗೆ. ನಾನು ಜೋರಾಗಿ ಓದುತ್ತಾ ಹೋದೆ, ಉಂಟು, ಉಂಟು, ಉಂಟು. ಒಂದು ಕಡೆ ಇಲ್ಲ ಎಂದು ಬಂತು. ಎಂತ ಇಲ್ಲ ಎಂದು ನೋಡಿದರೆ, ಈ ಭಾಷೆಯನ್ನು ಕಟ್ಟಬೇಕಾದರೆ ಇದೇ ಭಾಷೆ ಮೊದಲೇ ಕಂಪ್ಯೂಟರಿನಲ್ಲಿ ಇರಬೇಕಂತೆ. ಅದು ಇದ್ದಿದ್ದರೆ ನಾನು ಯಾಕೆ ಕಟ್ಟುತ್ತಿದ್ದೆ? ತಲೆ ಕೈಯಲ್ಲಿ ಹಿಡಿದು ಕೂತವನಿಗೆ ಊಟದ ಹೊತ್ತಿಗೆ ಸುಮತಿ ಮೊಸರು ಬಡಿಸಿದಳು. ಆಗ ಹೊಳೆಯಿತು. ಮೊಸರು ಮಾಡಲು ಹೆಪ್ಪು ಬೇಕು, ಹೆಪ್ಪು ಎಂದರೆ ಮೊಸರೇ. ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಗೆ ಲೋಟ ಹಿಡಿದು ಹೋಗುವುದು. ನಾನೂ ಇಂಟರ್ನೆಟ್ಟಿನಲ್ಲಿ ತಡಕಾಡಿ, ನನ್ನ ಹಳೆಯ ಸಿಸ್ಟಮಿಗೆ ಒಗ್ಗುವಂಥ ಅದೇ ಭಾಷೆಯ ಹಳೆಯ ಆವೃತ್ತಿಯೊಂದನ್ನು ತಂದು ಹೆಪ್ಪು ಹಾಕಿದೆ. ಕೆಲಸ ಶುರುವಾಯಿತು. ಅಕ್ಷರಗಳು ಧಾರೆಯಾಗಿ ಹರಿಯತೊಡಗಿದವು. ಎಷ್ಟು ಖುಷಿ ಆಯಿತೆಂದರೆ ಅನ್ನ ತಟ್ಟೆಯಲ್ಲೇ ಬಾಕಿ ಆಯಿತು.

ಕಷ್ಟ ಬಂದದ್ದು ಕಂಪ್ಯೂಟರಿನಿಂದಲ್ಲ, ನನ್ನ ಅತ್ತೆಯಿಂದ. ಅತ್ತೆ ಎಂದರೆ ಸುಮತಿಯ ಅಮ್ಮ. ಬೇಸಗೆಗೆ ಮರ್ಕಂಜದಿಂದ ನಮ್ಮಲ್ಲಿಗೆ ಬಂದಿದ್ದರು. ಗುಡುಗು ಬಂದರೆ ಪ್ಲಗ್ಗು ತೆಗೆಯುವುದು ನಮ್ಮ ಕಡೆ ಸಂಧ್ಯಾವಂದನೆಗಿಂತ ಕಟ್ಟುನಿಟ್ಟಾದ ಆಚಾರ. ಅದರಲ್ಲೂ ಅತ್ತೆ, ಅವರ ನೆರೆಮನೆಯ ಟೀವಿಗೆ ಸಿಡಿಲು ಹೊಡೆದಂದಿನಿಂದ ಈ ವಿಷಯದಲ್ಲಿ ಯಾರನ್ನೂ ನಂಬುವುದಿಲ್ಲ. ಕೊಡಗಿನ ಬೆಟ್ಟದಾಚೆ ಮೋಡ ಕೆಮ್ಮಿದರೆ ಪುತ್ತೂರಿನಲ್ಲಿ ಅವರು ಎದ್ದು ನಿಲ್ಲುತ್ತಾರೆ. ಟೀವಿ, ಫ್ರಿಜ್ಜು, ಮಿಕ್ಸಿ, ಇಂಟರ್ನೆಟ್ಟಿನ ಡಬ್ಬಿ, ಕೊನೆಗೆ ಯಾರೂ ಉಪಯೋಗಿಸದ ಇಸ್ತ್ರಿಪೆಟ್ಟಿಗೆ, ಎಲ್ಲದರ ವಯರೂ ಹೊರಗೆ. ಆ ಮಧ್ಯಾಹ್ನ ನಾನು ಬಾಕಿಯಾದ ಅನ್ನ ಮುಗಿಸಲು ಹೋದಾಗ ಅವರು ನನ್ನ ಕೋಣೆಗೂ ಬಂದು ಹೋದರಂತೆ. ನಾನು ಕೈತೊಳೆದು ಬರುವಾಗ ತೆರೆ ಕಪ್ಪಾಗಿತ್ತು.

"ಅತ್ತೆ, ಅದಕ್ಕೆ ಯುಪಿಎಸ್ ಉಂಟಲ್ಲ, ಪ್ಲಗ್ ತೆಗೆದ್ರೂ ನಡೀತದೆ," ಎಂದೆ.

"ಹೌದು, ಪ್ಲಗ್ ತೆಗೆದ ಕೂಡ್ಲೇ ಅದು ಕೀಂ ಕೀಂ ಅಂತ ಕೂಗ್ಲಿಕ್ಕೆ ಶುರು ಮಾಡಿತು. ಪಾಪ, ಹೆದರಿದೆ ಅಂತ ಅದನ್ನೂ ಆಫ್ ಮಾಡಿದೆ," ಎಂದರು.

ನಿಂತಲ್ಲಿಂದಲೇ ಮುಂದುವರಿಯುತ್ತದೆ ಎಂದು ನಂಬಿ ಮತ್ತೆ ಹಚ್ಚಿದೆ. ಅರ್ಧ ಬರೆದ ಯಾವುದೋ ಕಡತ ಕೆಟ್ಟುಹೋಗಿ ಅದು ಮುಂದೆ ಹೋಗಲೊಲ್ಲದು. ಎಲ್ಲ ಅಳಿಸಿ ಮೊದಲಿನಿಂದ ಶುರು. ಬೆಳಿಗ್ಗೆ ಕಾಫಿ ಕುಡಿದು ಹಚ್ಚಿದರೆ ನನ್ನ ಮುದಿಯಂತ್ರಕ್ಕೆ ಸಂಜೆ ಚಾ ಹೊತ್ತಾಗುತ್ತದೆ. ಗುಡುಗು ಅದಕ್ಕಿಂತ ಮೊದಲೇ ಬರುತ್ತದೆ. ರಾತ್ರಿ ಹಚ್ಚೋಣವೆಂದರೆ, "ಮನುಷ್ಯರು ಮಲಗಿದ ಮೇಲೆ ಕರೆಂಟಿನದ್ದು ಎಂತದೂ ಎಚ್ಚರ ಇರಬಾರದು," ಎಂದು ಅತ್ತೆಯ ತೀರ್ಪು. ಹೀಗೆ ಇಡೀ ವಾರ ನಾನು ಕಟ್ಟುವುದು, ಅವರು ಕೆಡವುವುದು. ಸುಮತಿ ಟೇಪು ಹಿಡಿದು ಮೇಜಿನ ಅಗಲ ನೋಡಿ ಹೋದಳು.

ಶನಿವಾರ ಬೇಗ ಎದ್ದು, ಹಲ್ಲುಜ್ಜುವ ಮೊದಲೇ ಹಚ್ಚಿದೆ. ಮಧ್ಯಾಹ್ನದ ಹೊತ್ತಿಗೆ ತೆರೆಯಲ್ಲಿ ತೊಂಬತ್ತು ದಾಟಿದ ಶೇಕಡಾ ಕಾಣುತ್ತಿತ್ತು. ಸರಿಯಾಗಿ ಆಗ ಬಾಗಿಲಲ್ಲಿ ಅತ್ತೆ.

"ಅಳಿಯ, ಗುಡುಗಿತು."

"ಇಲ್ಲ ಅತ್ತೆ, ನನಗೆ ಕೇಳಲಿಲ್ಲ."

"ನಿಮಗೆ ಕೇಳುವಾಗ ಅದು ಮನೆ ಮೇಲೆ ಇರ್ತದೆ."

ನಾನು ಕೈ ಮುಗಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮದುವೆಯ ದಿನ ಕೂಡ ಅಷ್ಟು ಭಕ್ತಿಯಿಂದ ಮುಗಿದಿರಲಿಲ್ಲ. ಅವರು ಸ್ವಲ್ಪ ಕರಗಿದರು. "ಟೆರೇಸಿನಲ್ಲಿ ಪುನರ್ಪುಳಿ ಸಿಪ್ಪೆ ಒಣಗ್ಲಿಕ್ಕೆ ಹಾಕಿದ್ದುಂಟು. ಸುಮತಿಗೆ ಮೆಟ್ಲು ಹತ್ತಲಿಕ್ಕೆ ಆಗುದಿಲ್ಲ. ನೀವು ಅದನ್ನು ಒಳಗೆ ತನ್ನಿ. ಅಷ್ಟರವರೆಗೆ ನಾನು ಮುಟ್ಟುದಿಲ್ಲ," ಎಂದು ಸ್ವಿಚ್ಚಿನ ಹತ್ತಿರ ಸ್ಟೂಲು ಎಳೆದು ಕೂತರು.

ಹಾರಿದೆ ಮಾರಾಯ್ರೆ ನಾನು. ಪೂರ್ವದಲ್ಲಿ ಆಕಾಶ ಕಾವಲಿಯ ತಳದ ಹಾಗೆ ಕಪ್ಪಾಗಿತ್ತು. ಗಾಳಿಗೆ ಹಾಸಿದ ಬಟ್ಟೆಯ ಮೂಲೆ ಎದ್ದು, ಸಾರಿಗೂ ಶರಬತ್ತಿಗೂ ಹಾಕುವ ಆ ಕೆಂಪು ಹುಳಿಹಣ್ಣಿನ ಸಿಪ್ಪೆ ಟೆರೇಸ್ ತುಂಬ ಓಡುತ್ತಿತ್ತು. ನಾನು ಮೊಣಕಾಲೂರಿ ಒಂದೊಂದನ್ನೂ ಹಿಡಿದೆ. ಬೇಗ ತಂದರೆ ಅತ್ತೆ ಬೇಗ ಪ್ಲಗ್ಗು ತೆಗೆಯುತ್ತಾರೆ, ತಡ ಮಾಡಿದರೆ ಪುನರ್ಪುಳಿ ಒದ್ದೆಯಾಗುತ್ತದೆ. ಇಂಥ ಲೆಕ್ಕವನ್ನು ನಾನು ಯಾವ ಮಕ್ಕಳಿಗೂ ಕೊಟ್ಟದ್ದಿಲ್ಲ. ಗಂಟು ಕಟ್ಟಿ ಕೆಳಗೆ ಬಂದಾಗ ಅತ್ತೆಯ ಕೈ ಸ್ವಿಚ್ಚಿನ ಮೇಲೆ, ಕಣ್ಣು ತೆರೆಯ ಮೇಲೆ.

"ಅಕ್ಷರ ಹರಿಯುದು ನಿಂತಿತು ಅಳಿಯ. ನಾನು ಮುಟ್ಟಲಿಲ್ಲ ಆಯ್ತಾ," ಎಂದರು.

ಕಟ್ಟಿ ಮುಗಿದಿತ್ತು. ಇನ್ನು ಇನ್‌ಸ್ಟಾಲ್ ಒಂದೇ ಬಾಕಿ. ಪಾಸ್‌ವರ್ಡ್ ಕೇಳಿತು. ಹುಳಿ ರಸದ ಕೆಂಪು ಬೆರಳಲ್ಲಿ ಹೊಡೆದೆ, ತಪ್ಪು. ಮತ್ತೆ ಹೊಡೆದೆ, ತಪ್ಪು. ಹೊರಗೆ ನನಗೂ ಕೇಳುವಂಥ ಗುಡುಗು. ಸುಮತಿ ಕೂಡ ಬಂದು ನಿಂತಳು. ಮೂರನೆಯ ಸಲ ಒಪ್ಪಿತು, ಸಾಲುಗಳು ಸರಸರ ಹೋದವು, ಭಾಷೆ ಬಂದು ಕೂತಿತು. ಏನಾದರೂ ಹೇಳು ಎಂದು ಬಾಯ್ದೆರೆದ ಖಾಲಿ ಸಾಲು. ಏನು ಹೇಳುವುದು? ಆ ಭಾಷೆಯ ಒಂದಕ್ಷರ ನನಗೆ ಗೊತ್ತಿಲ್ಲ ಎಂದು ಆಗ ನೆನಪಾಯಿತು. ಎರಡಕ್ಕೆ ಎರಡು ಕೂಡಿಸು ಎಂದೆ. ನಾಲ್ಕು ಎಂದಿತು. ನಾನು ಕುಣಿದೆ. ಜೀವಮಾನವಿಡೀ ಮಕ್ಕಳಿಗೆ ಅದನ್ನೇ ಕಲಿಸಿದ ಮನುಷ್ಯ ನಾಲ್ಕನ್ನು ಕಂಡು ಕುಣಿದೆ.

"ಇದು ನಿಮಗೆ ಮೊದ್ಲೇ ಗೊತ್ತಿತ್ತಲ್ಲ?" ಎಂದಳು ಸುಮತಿ.

"ಉತ್ತರ ಸರಿ ಉಂಟಲ್ಲ, ಇನ್ನು ತೆಗೀಬಹುದಾ?" ಎಂದು ಅತ್ತೆ ಕೇಳುವಷ್ಟರಲ್ಲಿ ನಾನೇ ಪ್ಲಗ್ಗು ಕಿತ್ತಾಗಿತ್ತು. ಇಷ್ಟು ಕಷ್ಟಪಟ್ಟು ಕಟ್ಟಿದ್ದಕ್ಕೆ ಸಿಡಿಲು ಹೊಡೆದರೆ ನಾನು ಬದುಕುವುದುಂಟಾ? ಮೇಜು ಕಿಟಕಿಯ ಪಕ್ಕ ಇರುವುದೂ ಆಗಲೇ ಕಣ್ಣಿಗೆ ಬಿತ್ತು. ಎರಚಲು ಬಂದರೆ? ಕಂಪ್ಯೂಟರನ್ನು ಎತ್ತಿ, ಹೊದಿಕೆ ಸುತ್ತಿ, ಒಳಕೋಣೆಯ ಕಪಾಟಿನ ಮೇಲೆ ಇಟ್ಟೆ. ಈಗ ರಸ್ತೆಯಲ್ಲಿ ಲಾರಿ ಜಲ್ಲಿ ಸುರಿದರೂ ಇಸ್ತ್ರಿಪೆಟ್ಟಿಗೆಯ ವಯರು ಎಳೆಯುವವನು ನಾನು. "ಅದು ಗುಡುಗಲ್ಲ ಅಳಿಯ," ಎಂದು ಅತ್ತೆ ಸಮಾಧಾನ ಹೇಳುತ್ತಾರೆ. ಮಳೆಗಾಲ ಮುಗಿಯುವವರೆಗೆ ಕಂಪ್ಯೂಟರನ್ನು ಕೆಳಗಿಳಿಸುವ ಧೈರ್ಯ ನನಗಿಲ್ಲ.

ಆದಿತ್ಯವಾರ ಹಲಸಿನಕಾಯಿ ಬಂತು. ಸೊಳೆ ಬೆಂದು, ಅರೆದು, ಉಂಡೆಯಾಯಿತು. ಸುಮತಿ ಹಪ್ಪಳ ಒತ್ತುವ ಮಣೆಯನ್ನು ತಂದು ಖಾಲಿ ಮೇಜಿನ ಮೇಲೆ ಇಟ್ಟಳು. ಪಂಥ ಗೆದ್ದವನು ನಾನು ಎಂದು ನೆನಪಿಸಿದೆ.

"ನಾನೆಲ್ಲಿ ಇಲ್ಲ ಅಂದೆ? ಮೇಜು ನಿಮ್ಮದೇ," ಎಂದು ಅವಳು ಕುರ್ಚಿಯನ್ನು ನನ್ನ ಕಡೆ ಸರಿಸಿದಳು. "ಕೂತು ಒತ್ತಿ."